ಕಿವಿಗೆ ಬರೆಯುವ ಗದ್ಯ: ಕರ್ನಾಟಕದಲ್ಲಿ ಪ್ರಸಾರ ಪತ್ರಿಕೋದ್ಯಮದ ಅಧ್ಯಯನ ಮತ್ತು ವೃತ್ತಿ

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ನಿವಾಸದಿಂದಲೇ ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ ಪ್ರಸಾರವನ್ನು ಆರಂಭಿಸಿದುದೂ, ಅದೇ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಪತ್ರಿಕೋದ್ಯಮದ ಬೋಧನೆ ಮೊದಲಾದುದೂ ಎಲ್ಲರೂ ಬಲ್ಲ ಸಂಗತಿಗಳೇ ಆಗಿದ್ದರೂ, ಇವೆರಡನ್ನೂ ಒಟ್ಟಿಗಿರಿಸಿ ನೋಡುವ ಪರಿಪಾಠ ನಮ್ಮಲ್ಲಿ ಬೆಳೆಯಲಿಲ್ಲ. ಬಾನುಲಿಯು ಸರ್ಕಾರದ ಸ್ವಾಧೀನಕ್ಕೆ ಸಂದು, 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಅಧ್ಯಾಪನವಾದರೋ ಮುದ್ರಿತ ಪತ್ರಿಕೆಯನ್ನೇ ಆದರ್ಶವಾಗಿ ಇರಿಸಿಕೊಂಡಿತು. ಪ್ರಸಾರ ಪತ್ರಿಕೋದ್ಯಮವು ಪಠ್ಯಕ್ರಮದಲ್ಲಿ ಬಹುಕಾಲ ಅನುಬಂಧದಂತೆ ಉಳಿದುದಕ್ಕೆ ಈ ಅಗಲಿಕೆಯೇ ಮೂಲವೆಂದು ನನ್ನ ಮತ.

ಇದರ ಫಲವು ವಿದ್ಯಾರ್ಥಿಯ ವಾಕ್ಯದಲ್ಲಿಯೇ ಗೋಚರಿಸುತ್ತದೆ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದವು ಕೊನೆಗೆ ನಿಲ್ಲುವುದರಿಂದ, ಆರೋಪವೊಂದನ್ನು ಆದ್ಯಂತವಾಗಿ ನಿರೂಪಿಸಿ ಕಡೆಯಲ್ಲಿ ‘ಎಂದು ವಿರೋಧ ಪಕ್ಷದ ನಾಯಕರು ದೂರಿದ್ದಾರೆ’ ಎಂದರೆ, ಓದುಗನು ಕಣ್ಣನ್ನು ಹಿಂದಕ್ಕೆ ಹೊರಳಿಸಿಯಾನು. ಕೇಳುಗನಿಗೆ ಆ ಅವಕಾಶವಿಲ್ಲವಾಗಿ, ಆತನು ಅಷ್ಟು ಹೊತ್ತೂ ಆರೋಪವನ್ನು ಸತ್ಯಾಂಶವೆಂದೇ ಗ್ರಹಿಸಿರುತ್ತಾನೆ. ಆದುದರಿಂದ ಹೇಳಿದವರ ಹೆಸರನ್ನು ಮೊದಲಿಗೆ ತರುವುದು, 2,47,615 ಎಂಬ ಸಂಖ್ಯೆಯನ್ನು ‘ಸುಮಾರು ಎರಡೂವರೆ ಲಕ್ಷ’ ಎನ್ನುವುದು, ಒಂದು ಉಸಿರಿಗೆ ಒಂದು ಸಂಗತಿಯನ್ನಷ್ಟೇ ಒಪ್ಪಿಸುವುದು, ಇವು ಅಲಂಕಾರವಲ್ಲ, ಸುದ್ದಿಯ ಪ್ರಾಮಾಣ್ಯಕ್ಕೆ ಸಂಬಂಧಿಸಿದ ವಿಚಾರಗಳು. (ಪ್ರಸ್ತುತ ಲೇಖನದ ಯಾವ ವಾಕ್ಯವೂ ಬಾನುಲಿಯಲ್ಲಿ ಓದಲು ಯೋಗ್ಯವಲ್ಲವೆಂಬುದನ್ನು ಬಲ್ಲೆ.) ಕ್ಯಾಮರಾ, ಧ್ವನಿಮುದ್ರಣ, ಸಂಕಲನಗಳ ಯಂತ್ರಜ್ಞಾನವನ್ನು ಕೆಲವು ತಿಂಗಳುಗಳಲ್ಲಿ ಕಲಿಸಬಹುದು, ಈ ಶ್ರವಣಪ್ರಜ್ಞೆಯು ಬರೆದುದನ್ನು ಗಟ್ಟಿಯಾಗಿ ಓದಿ, ತಿದ್ದಿ, ಮತ್ತೆ ಓದುವ ದೀರ್ಘಾಭ್ಯಾಸದಿಂದಲ್ಲದೆ ಲಭಿಸದು.

ಉದ್ಯೋಗದ ವಿಚಾರದಲ್ಲಿ ಅಭಿರುಚಿಗಿಂತ ಶಾಸನವೇ ಪ್ರಬಲವಾಗಿದೆ. 2001ರಲ್ಲಿ ಬೆಂಗಳೂರಿನ ರೇಡಿಯೋ ಸಿಟಿಯೊಡನೆ ದೇಶದಲ್ಲಿ ಖಾಸಗಿ ಎಫ್‌ಎಂ ಯುಗವು ತೆರೆಯಿತಾದರೂ, ಆ ಕೇಂದ್ರಗಳಿಗೆ ಸ್ವಂತ ವಾರ್ತೆಯನ್ನು ಬಿತ್ತರಿಸಲು ಅನುಮತಿಯಿಲ್ಲ. ಆಕಾಶವಾಣಿಯ ವಾರ್ತೆಯನ್ನು ಯಥಾವತ್ತಾಗಿ ಮರುಪ್ರಸಾರ ಮಾಡಬಹುದಷ್ಟೆ. ಹವಾಮಾನ, ಸಂಚಾರದಟ್ಟಣೆಗಳ ಮಾಹಿತಿಯನ್ನು ನಿಯಮವು ವಾರ್ತೆಯೆಂದು ಎಣಿಸದಿರುವುದರಿಂದ ಅವುಗಳಿಗೆ ಮಾತ್ರ ಅಡ್ಡಿಯಿಲ್ಲ. ಹೀಗಾಗಿ ಬಾನುಲಿಯನ್ನೇ ಮೆಚ್ಚಿ ಓದಿದ ಪದವೀಧರನು ಸರ್ಕಾರಿ ಪ್ರಸಾರವನ್ನು ಆಶ್ರಯಿಸಬೇಕು, ಆರ್‌ಜೆಯಾಗಿ ಸುದ್ದಿಯಿಂದ ದೂರ ಸರಿಯಬೇಕು, ಇಲ್ಲವೇ ಟಿವಿಯ ಕಡೆಗೆ ತಿರುಗಬೇಕು. ಟಿವಿಯಲ್ಲಿ ಎಲ್ಲರೂ ಆ್ಯಂಕರ್ ಆಗಬಯಸುವರು. ಮೊದಲು ದೊರೆಯುವುದು ಬಹುಮಟ್ಟಿಗೆ ಡೆಸ್ಕಿನ ಕೆಲಸ, ಎಂದರೆ ದೃಶ್ಯಕ್ಕೆ ಹೊಂದುವಂತೆ ವಾಯ್ಸ್ ಓವರ್ ಬರೆಯುವುದು, ಹೇಳಿಕೆಯ ತುಣುಕುಗಳಾದ ಬೈಟ್‌ಗಳನ್ನು ಆಯುವುದು, ಪರದೆಯ ಕೆಳಗೆ ಹರಿಯುವ ಸ್ಕ್ರೋಲನ್ನು ತಿದ್ದುವುದು. ತಾಲ್ಲೂಕುಗಳಿಂದ ಸುದ್ದಿ ಕಳುಹಿಸುವ ಸ್ಟ್ರಿಂಗರನಿಗಂತೂ ಮಾಸಿಕ ವೇತನದ ಭರವಸೆಯೇ ಇಲ್ಲ. ಈ ಸಂಗತಿಯನ್ನು ಕಾಲೇಜುಗಳ ಪ್ರವೇಶ ಕೈಪಿಡಿಗಳು ಪ್ರಸ್ತಾಪಿಸುವುದು ಅಪೂರ್ವ.

ಆಕಾಶವಾಣಿಯಲ್ಲಿ ವಾರ್ತಾವಾಚಕ ಹಾಗೂ ಅನುವಾದಕ ಎಂಬ ಜೋಡಿ ಹೊಣೆಯ ಹುದ್ದೆಯೊಂದುಂಟು. ಅನ್ಯಭಾಷೆಯಲ್ಲಿ ಬಂದ ಸುದ್ದಿಯನ್ನು ಕನ್ನಡಿಸುವವನೇ ಅದನ್ನು ಮೈಕ್ರೊಫೋನಿನ ಮುಂದೆ ಓದಬೇಕಾದುದರಿಂದ, ತಾನು ಬರೆದ ತೊಡಕು ತನ್ನ ನಾಲಗೆಗೇ ತೊಡರುವುದು. ಬರವಣಿಗೆಗೊಂದು, ವಾಚನಕ್ಕೊಂದು ಎಂದು ಪತ್ರಿಕೆಗಳನ್ನು ವಿಂಗಡಿಸಿ ಪರೀಕ್ಷಿಸುವ ನಮ್ಮ ವಿಶ್ವವಿದ್ಯಾನಿಲಯಗಳು, ಕನಿಷ್ಠ ಅಂತಿಮ ವರ್ಷದಲ್ಲಾದರೂ, ವಿದ್ಯಾರ್ಥಿಯು ಸ್ವತಃ ಬರೆದ ಹತ್ತು ನಿಮಿಷದ ಬುಲೆಟಿನ್ನನ್ನು ಆತನಿಂದಲೇ ಓದಿಸಿ ಅಂಕ ನೀಡುವ ಕ್ರಮವನ್ನು ಪರಿಶೀಲಿಸತಕ್ಕದ್ದು.