ಉರಿದರೆ ತೂಕ ಹೆಚ್ಚುವುದೇಕೆ?

ಬೀದರಿನ ಬಿದ್ರಿ ಕುಶಲಕರ್ಮಿಗಳು ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಕರಗಿಸುತ್ತಾರೆ. ಕುಲುಮೆಯ ಕಾವು ಮಿತಿಮೀರಿದರೆ ಸತು ಹಸಿರುನೀಲಿ ಜ್ವಾಲೆಯೊಡನೆ ಹೊತ್ತಿ, ಹತ್ತಿಯಂತಹ ಬಿಳಿ ಬೂದಿಯಾಗಿ ಹಾರುತ್ತದೆ. ಎರಕದವನಿಗೆ ಅದು ನಷ್ಟ; ಯುರೋಪಿನ ಪಂಡಿತರಿಗೆ ಒಂದು ಕಾಲಕ್ಕೆ ದೊಡ್ಡ ಒಗಟು.

ಜರ್ಮನಿಯ ವೈದ್ಯ ಸ್ಟಾಲ್ 18ನೇ ಶತಮಾನದ ಆರಂಭದಲ್ಲಿ ಹೇಳಿದ್ದು ಹೀಗೆ: ಉರಿಯುವ ಪ್ರತಿಯೊಂದರಲ್ಲೂ 'ಫ್ಲಾಜಿಸ್ಟನ್' ಎಂಬ ದ್ರವ್ಯವಿದೆ, ಅದು ಹೊರಹೋಗುವುದೇ ದಹನ, ಉಳಿಯುವುದು ಬೂದಿ. ಇದ್ದಿಲಿನೊಡನೆ ಕಾಯಿಸಿದರೆ ಬೂದಿ ಮತ್ತೆ ಲೋಹವಾಗುತ್ತದಲ್ಲ, ಅದು ಇದ್ದಿಲು ಕೊಟ್ಟ ಫ್ಲಾಜಿಸ್ಟನ್‌ನಿಂದ. ವಾದವೇನೋ ಚೊಕ್ಕವಾಗಿಯೇ ಇತ್ತು.

ತಕ್ಕಡಿ ಮಾತ್ರ ಒಪ್ಪಲಿಲ್ಲ. 65 ಗ್ರಾಂ ಸತು ಪೂರ್ತಿ ಉರಿದರೆ ಸಿಗುವುದು ಸುಮಾರು 81 ಗ್ರಾಂ ಬೂದಿ. ಏನೋ ಹೊರಹೋದ ಮೇಲೆ ತೂಕ ಹೆಚ್ಚುವುದೆಂತು? ಫ್ಲಾಜಿಸ್ಟನ್‌ಗೆ ಋಣ ತೂಕವಿದೆ ಎಂದು ವಾದಿಸಿದವರೂ ಇದ್ದರು! 1774ರಲ್ಲಿ ಆಮ್ಲಜನಕವನ್ನು ಬೇರ್ಪಡಿಸಿದ ಇಂಗ್ಲೆಂಡಿನ ಪ್ರೀಸ್ಟ್ಲಿ ಕೂಡ ಅದನ್ನು 'ಫ್ಲಾಜಿಸ್ಟನ್ ಕಳೆದ ಗಾಳಿ' ಎಂದೇ ಕರೆದ. 1804ರಲ್ಲಿ ಸಾಯುವವರೆಗೂ ಹಳೆಯ ಮತ ಬಿಡಲಿಲ್ಲ. ಫ್ರಾನ್ಸಿನ ಲವಾಸಿಯೆ ಮುಚ್ಚಿದ ಪಾತ್ರೆಯಲ್ಲಿ ಲೋಹ ಕಾಯಿಸಿ, ತೂಗಿ, ಹೆಚ್ಚಿದ ತೂಕ ಗಾಳಿಯಿಂದ ಬಂದದ್ದೆಂದು ತೋರಿಸಿದ.

ಬಿದ್ರಿ ಕುಲುಮೆಯ ಬಿಳಿ ಹೊಗೆಯೂ ಅದೇ: ಸತು ಮತ್ತು ಆಮ್ಲಜನಕ. ಅದನ್ನು ಹೆಚ್ಚು ಉಸಿರಾಡಿದವರಿಗೆ ಅಂದು ರಾತ್ರಿ ಚಳಿಜ್ವರ ಬರುವುದುಂಟು.