ಮನೋಹರ ಗ್ರಂಥಮಾಲೆ

ಮನೋಹರ ಗ್ರಂಥಮಾಲೆಯು ಧಾರವಾಡದಲ್ಲಿರುವ ಕನ್ನಡ ಪುಸ್ತಕ ಪ್ರಕಾಶನ ಸಂಸ್ಥೆ. ಇದನ್ನು 1933ರಲ್ಲಿ ಜಿ. ಬಿ. ಜೋಶಿಯವರು (1904–1993) ಸ್ಥಾಪಿಸಿದರು. ಕನ್ನಡದ ನವ್ಯ ಸಾಹಿತ್ಯದ ಹಲವು ಮುಖ್ಯ ಕೃತಿಗಳು, ವಿಶೇಷವಾಗಿ ಗಿರೀಶ ಕಾರ್ನಾಡರ ನಾಟಕಗಳು, ಈ ಮಾಲೆಯಲ್ಲಿ ಪ್ರಕಟವಾಗಿವೆ.

ಹಿನ್ನೆಲೆ

ಸಂಸ್ಥೆ ಆರಂಭವಾದಾಗ ಧಾರವಾಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಕನ್ನಡ ಮಾತನಾಡುವ ಪ್ರದೇಶಗಳು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದವು. ಜೋಶಿಯವರು ದ. ರಾ. ಬೇಂದ್ರೆಯವರ ಸುತ್ತ ಬೆಳೆದ ‘ಗೆಳೆಯರ ಗುಂಪಿ’ನ ಒಡನಾಟದಲ್ಲಿದ್ದವರು. ‘ಜಡಭರತ’ ಎಂಬ ಕಾವ್ಯನಾಮದಲ್ಲಿ ‘ಮೂಕಬಲಿ’, ‘ಕದಡಿದ ನೀರು’, ‘ಸತ್ತವರ ನೆರಳು’ ಮೊದಲಾದ ನಾಟಕಗಳನ್ನೂ ‘ಧರ್ಮಸೆರೆ’ ಕಾದಂಬರಿಯನ್ನೂ ರಚಿಸಿದ್ದಾರೆ. ಸುಭಾಸ ರಸ್ತೆಯಲ್ಲಿರುವ ಮಾಲೆಯ ಕಚೇರಿ ‘ಅಟ್ಟ’ ಎಂದೇ ಪ್ರಸಿದ್ಧ. ಇದು ಲೇಖಕರು ಕೂಡಿ ಚರ್ಚಿಸುವ ತಾಣವೂ ಆಗಿತ್ತು.

ಚಂದಾ ಪದ್ಧತಿ

ಗ್ರಂಥಮಾಲೆಯು ಚಂದಾದಾರರ ಬಲದಿಂದ ಬೆಳೆಯಿತು. ಓದುಗರು ಚಂದಾ ಹಣ ಸಲ್ಲಿಸಿ ಮಾಲೆಯ ಪುಸ್ತಕಗಳನ್ನು ಪಡೆಯುತ್ತಿದ್ದರು. ಚಂದಾ ಹಣದಿಂದ ಪುಸ್ತಕ ಹೊರತರುವ ಕ್ರಮ ಹಳೆಯದು. ಲಂಡನ್ನಿನ ಪುಸ್ತಕ ವ್ಯಾಪಾರಿ ಬರ್ನಾರ್ಡ್ ಲಿಂಟಟ್ 1715–20ರಲ್ಲಿ ಅಲೆಕ್ಸಾಂಡರ್ ಪೋಪ್‌ನ ‘ಇಲಿಯಡ್’ ಅನುವಾದವನ್ನು ಹೀಗೆಯೇ ಆರು ಸಂಪುಟಗಳಲ್ಲಿ ಪ್ರಕಟಿಸಿದನು. ಅಲ್ಲಿ ಚಂದಾದಾರರು ಒಂದು ನಿರ್ದಿಷ್ಟ ಕೃತಿಗೆ ಹಣ ನೀಡಿದ್ದರು. ಇಲ್ಲಿ ಪ್ರಕಾಶಕರ ಆಯ್ಕೆಯನ್ನು ನಂಬಿ ನೀಡಿದರು. ಹೆಸರಾಗದ ಲೇಖಕರ ಕೃತಿಗಳಿಗೂ ಇದರಿಂದ ಓದುಗರು ದೊರೆತರು.

ಸಾಹಿತ್ಯ ಸಲಹೆ

ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಮಾಲೆಯ ಸಾಹಿತ್ಯ ಸಲಹೆಗಾರರಾಗಿದ್ದರು. ಗುಜರಾತಿನ ಆಣಂದದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು ಹಸ್ತಪ್ರತಿಗಳನ್ನು ಓದಿ ಸಲಹೆ ನೀಡುತ್ತಿದ್ದರು. ಸಂಸ್ಥೆಗೆ ಇಪ್ಪತ್ತೈದು ವರ್ಷ ತುಂಬಿದ ಸಂದರ್ಭದಲ್ಲಿ ಆಧುನಿಕ ಕನ್ನಡ ಸಾಹಿತ್ಯವನ್ನು ಅವಲೋಕಿಸುವ ‘ನಡೆದು ಬಂದ ದಾರಿ’ ಸಂಪುಟಗಳು ಸಿದ್ಧವಾದವು.

ಪ್ರಮುಖ ಪ್ರಕಟಣೆಗಳು

ನಾಟಕ: ಕಾರ್ನಾಡರು ಆಕ್ಸ್‌ಫರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರ ಮೊದಲ ನಾಟಕ ‘ಯಯಾತಿ’ (1961) ಪ್ರಕಟವಾಯಿತು. ‘ತುಘಲಕ್’ (1964), ‘ಹಯವದನ’ ಅದರ ನಂತರದವು.

ಕಾದಂಬರಿ: ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’ (1956), ಶಾಂತಿನಾಥ ದೇಸಾಯಿಯವರ ‘ಮುಕ್ತಿ’ (1961), ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965), ಯಶವಂತ ಚಿತ್ತಾಲರ ‘ಶಿಕಾರಿ’ (1979). ಇವುಗಳಲ್ಲಿ ಅಗ್ರಹಾರದ ಆಚಾರಗಳನ್ನು ಪ್ರಶ್ನಿಸಿದ ‘ಸಂಸ್ಕಾರ’ ತೀವ್ರ ವಾದವಿವಾದಕ್ಕೆ ಕಾರಣವಾಯಿತು.

ಕಾವ್ಯ: ಅಮೆರಿಕದ ಶಿಕಾಗೊದಲ್ಲಿ ನೆಲೆಸಿದ್ದ ಎ. ಕೆ. ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’ (1969).

ಆತ್ಮಕಥೆ: ಕಾರ್ನಾಡರ ‘ಆಡಾಡತ ಆಯುಷ್ಯ’ (2011).

ಮಹತ್ವ

ಮಾಲೆಯ ಲೇಖಕರಲ್ಲಿ ಅನಂತಮೂರ್ತಿ (1994) ಮತ್ತು ಕಾರ್ನಾಡ (1998) ಇಬ್ಬರೂ ಜ್ಞಾನಪೀಠ ಪ್ರಶಸ್ತಿ ಪಡೆದರು. ಈ ಇಬ್ಬರ ಆರಂಭದ ಕೃತಿಗಳನ್ನು, ಅವರಿನ್ನೂ ಹೊಸಬರಾಗಿದ್ದಾಗಲೇ, ಪ್ರಕಟಿಸಿದ್ದು ಗ್ರಂಥಮಾಲೆಯ ಪ್ರಮುಖ ಸಾಧನೆ. ರಂಗಪ್ರಯೋಗದ ಭರವಸೆಯಿಲ್ಲದ ನಾಟಕಗಳನ್ನೂ ಪುಸ್ತಕವಾಗಿ ಉಳಿಸಿದ್ದರಿಂದ ಅವು ಮುಂದೆ ಬೇರೆ ಭಾಷೆಗಳ ರಂಗಭೂಮಿಯನ್ನೂ ತಲುಪಲು ಸಾಧ್ಯವಾಯಿತು. ಜೋಶಿಯವರ ನಂತರ ಅವರ ಪುತ್ರ ರಮಾಕಾಂತ ಜೋಶಿ, ಮೊಮ್ಮಗ ಸಮೀರ ಜೋಶಿ ಪ್ರಕಾಶನವನ್ನು ಮುಂದುವರಿಸಿದರು.