ಕೃತಕ ಕಾಷ್ಠರೇಖೆಗಳು: ಗಜೇಂದ್ರಗಡ ಸೀಮೆಯ ಮರಗೆಲಸದಲ್ಲಿ ಅನುಕರಣದ ವಿಚಾರ

ಗಜೇಂದ್ರಗಡದ ಗುಡ್ಡವನ್ನಿಳಿದು ರೋಣದ ಕಡೆಗೆ ಸಾಗುವವರಿಗೆ ಇಕ್ಕೆಲಗಳಲ್ಲಿಯೂ ಕಾಣುವುದು ಎರೆಯ ಹೊಲ. ಜೋಳ, ಕಡಲೆ, ಹತ್ತಿ ಈ ನೆಲದ ಐಶ್ವರ್ಯ, ಮರವಲ್ಲ. ಬದುವಿನ ಮೇಲೆ ಬೇವು, ಹಳ್ಳದ ದಂಡೆಗೆ ಜಾಲಿ, ಊರ ಮುಂದೆ ಹುಣಸೆ, ಇಷ್ಟೇ ಇಲ್ಲಿಯ ಬಡಿಗನಿಗೆ ಕೈಗೆಟುಕುವ ದಾರುಸಂಪತ್ತು. ಮಾಳಿಗೆಮನೆಯ ತೊಲೆ ಜಂತಿಗಳಿಗೆ ಬೇವು ಜಾಲಿಗಳು ಸಾಕು. ತಲೆಬಾಗಿಲು, ದೇವರ ಮಂಟಪ, ತೊಟ್ಟಿಲು ಇವುಗಳಿಗೆ ಮಾತ್ರ ಉಳ್ಳವರು ಸಾಗವಾನಿಯನ್ನೋ ಬೀಟೆಯನ್ನೋ ಬಯಸುವರು. ಅದಾದರೋ ಪಶ್ಚಿಮದ ಹಳಿಯಾಳ, ದಾಂಡೇಲಿಗಳ ಕಾಡಿನಿಂದ ಬರತಕ್ಕದ್ದು. ಬೆಲೆಯುಳ್ಳ ಮರವು ಯಾವ ಸೀಮೆಯಲ್ಲಿ ಬೆಳೆಯುವುದಿಲ್ಲವೋ ಅಲ್ಲಿಯೇ ಅದರ ಹೋಲಿಕೆಗೆ ಆಸೆ ಹುಟ್ಟುವುದು ಸಹಜ. ಇಂದು ಈ ಭಾಗದ ಪೇಟೆಗಳಲ್ಲಿ ಮಾರಾಟವಾಗುವ ಬಾಗಿಲು ಕಪಾಟುಗಳಲ್ಲಿ ಹೆಚ್ಚಿನವು ಅಗ್ಗದ ಮರದ ಹೊಟ್ಟು ಹಾಳೆಗಳಿಂದ ಆದವುಗಳಾಗಿದ್ದು, ಅವುಗಳ ಮೈಮೇಲೆ ಯಂತ್ರವು ಸಾಗವಾನಿಯ ಎಳೆಗಳನ್ನು ಅಚ್ಚೊತ್ತಿರುತ್ತದೆ.

ಇದನ್ನು ಕುರಿತು ಪಂಡಿತರಲ್ಲಿ ರೂಢವಾಗಿರುವ ಒಂದು ಅಭಿಪ್ರಾಯವುಂಟು. ಅನುಕರಣವೆಂಬುದು ಪಾಶ್ಚಾತ್ಯ ಯಂತ್ರಗಳೊಡನೆ ಬಂದ ದೋಷವೆಂದೂ, ನಮ್ಮ ಶಿಲ್ಪಿಗಳು ದ್ರವ್ಯವನ್ನು ಇದ್ದಂತೆಯೇ ತೋರಿಸುತ್ತಿದ್ದರೆಂದೂ ಅವರು ಹೇಳುವರು. ಈ ಅಭಿಪ್ರಾಯವು ಗಜೇಂದ್ರಗಡದ ಆಸುಪಾಸಿನ ಶಿಲ್ಪಸಾಕ್ಷ್ಯವನ್ನು ನೋಡಿದರೆ ನಿಲ್ಲಲಾರದು.

ಮೊದಲಿಗೆ ಕಲ್ಲನ್ನೇ ನೋಡುವುದು. ಐಹೊಳೆಯ ಲಾಡಖಾನ ಗುಡಿಯ ಇಳಿಜಾರಾದ ಛಾವಣಿಯಲ್ಲಿ ಹಾಸುಗಲ್ಲುಗಳ ಸಂದುಗಳನ್ನು ಮುಚ್ಚಲು ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಇಡಲಾಗಿದೆ. ಮರದ ಹಲಗೆಯ ಛಾವಣಿಗೆ ಹೊಡೆಯುವ ರೀಪುಗಳ ರೂಪವೇ ಅದು. ಮರದಲ್ಲಿ ಹುಟ್ಟಿದ ವಿಧಾನವನ್ನು ಕಲ್ಲು ಅನುಕರಿಸಿತೆಂಬುದಕ್ಕೆ ಬೇರೆ ಪ್ರಮಾಣ ಬೇಡ. ಗಜೇಂದ್ರಗಡಕ್ಕೆ ಇನ್ನೂ ಸಮೀಪದ ಇಟಗಿಯಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕ್ರಿ. ಶ. 1112ರಲ್ಲಿ ಕಟ್ಟಿಸಿದ ದೇವಾಲಯದ ಕಂಬಗಳು ತಿರುಗಣೆಯಲ್ಲಿ ಕಡೆದವುಗಳು. ಮೃದುವಾದ ಕಲ್ಲನ್ನು ತಿರುಗಿಸಿ, ಉಳಿ ಹಿಡಿದು, ಬಳೆಬಳೆಯಾಗಿ ಕಡೆಯುವ ಈ ಕ್ರಮವು ಮರ ಕಡೆಯುವವನ ಕೆಲಸವನ್ನು ನೆನಪಿಸುವುದು. ಅನುಕರಣ ಮಾತ್ರವಲ್ಲ, ಯಂತ್ರದ್ವಾರಾ ಅನುಕರಣವೂ ಈ ನಾಡಿನಲ್ಲಿ ಒಂಬತ್ತು ನೂರು ವರ್ಷಗಳ ಹಿಂದೆಯೇ ಇದ್ದಿತೆಂದಾಯಿತು. ತಿರುಗಣೆಯೂ ಯಂತ್ರವೇ ಅಲ್ಲವೇ?

ಎರಡನೆಯ ನಿದರ್ಶನವು ಕಿನ್ನಾಳದ್ದು. ಗಜೇಂದ್ರಗಡದಿಂದ ಆಗ್ನೇಯಕ್ಕೆ ಯಲಬುರ್ಗಾ, ಕುಕನೂರುಗಳ ಸೀಮೆಯನ್ನು ದಾಟಿದರೆ ಕೊಪ್ಪಳದ ಬಳಿಯಲ್ಲಿ ಈ ಗ್ರಾಮವಿದೆ. ಆಂಗ್ಲರ ಕಾಲದಲ್ಲಿ ಗಜೇಂದ್ರಗಡವು ಮುಂಬಯಿ ಇಲಾಖೆಗೂ ಕೊಪ್ಪಳವು ನಿಜಾಮನ ಸೀಮೆಯಲ್ಲಿ ಸಾಲಾರಜಂಗರ ಜಹಗೀರಿಗೂ ಸೇರಿದ್ದುದರಿಂದ ನಡುವೆ ರಾಜ್ಯದ ಗಡಿ ಇದ್ದಿತು. ಆದರೆ ಜಾತ್ರೆ, ಸಂತೆ, ದೇವರ ಉತ್ಸವಗಳಿಗೆ ಗಡಿಯಿಲ್ಲ. ಕಿನ್ನಾಳದ ಚಿತ್ರಗಾರರು ತಮ್ಮ ಪರಂಪರೆಯನ್ನು ವಿಜಯನಗರದ ಕಾಲಕ್ಕೆ ಒಯ್ಯುವರು. ಗರುಡ, ದೇವತಾವಾಹನಗಳು, ಪಲ್ಲಕ್ಕಿ, ಮಕ್ಕಳ ಆಟಿಗೆ ಇವು ಅವರ ಕೈಯಿಂದ ಹೊರಬರುವ ವಸ್ತುಗಳು.

ಅವರು ಹಿಡಿಯುವ ಮರವು ಬೆಲೆಯುಳ್ಳದ್ದಲ್ಲ. ಹಗುರಾದ, ಸುಲಭವಾಗಿ ಕೆತ್ತಲು ಬರುವ ಮರವದು. ಬಿಡಿಬಿಡಿಯಾಗಿ ಕೆತ್ತಿದ ಅವಯವಗಳನ್ನು ಹುಣಸೆಯ ಬೀಜದ ಅಂಟಿನಿಂದ ಕೂಡಿಸುವರು. ಸೆಣಬಿನ ಚಿಂದಿಯನ್ನು ನೆನೆಯಿಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟಿನೊಡನೆಯೂ ಅದೇ ಅಂಟಿನೊಡನೆಯೂ ಕಲಸಿದರೆ ಕಿಟ್ಟವೆಂಬ ದ್ರವ್ಯವಾಗುವುದು. ಅದನ್ನು ಮೂರ್ತಿಯ ಮೈಗೆಲ್ಲ ಕೈಯಿಂದ ಬಳಿದು, ಮೇಲೆ ಅರಿವೆಯ ತುಣುಕುಗಳನ್ನು ಅಂಟಿಸಿ, ಆಮೇಲೆ ಕಲ್ಲುಪುಡಿಯ ಸರಿಯನ್ನು ಹಚ್ಚುವರು. ಆಭರಣಗಳನ್ನು ಉಬ್ಬಿಸುವುದೂ ಕಲ್ಲುಪುಡಿ ಅಂಟುಗಳ ಮಿಶ್ರಣದಿಂದಲೇ. ಇಷ್ಟಾಗುವುದರೊಳಗೆ ಮರದ ಎಳೆಯಾಗಲಿ ಗಂಟಾಗಲಿ ಕಣ್ಣಿಗೆ ಉಳಿದಿರುವುದಿಲ್ಲ. ಇದರ ಮೇಲೆ ಬರುವುದು ಲಾಜವಾರ. ಅಗ್ಗದ ಬಿಳಿಯ ಲೋಹವನ್ನು ಅಂಟಿನೊಡನೆ ಅರೆದು ಹಚ್ಚಿ, ನುಣುಪಾದ ಕಲ್ಲಿನಿಂದ ತಿಕ್ಕಿದರೆ ಬೆಳ್ಳಿಯ ಹೊಳಪು ಬರುವುದು. ಅದರ ಮೇಲೆ ಹಳದಿಯ ತೆಳುವಾದ ಮೆರುಗನ್ನು ಕೊಟ್ಟರೆ ಬಂಗಾರವೇ ಸರಿ. ಕಿನ್ನಾಳದ ಗರುಡನ ಕಿರೀಟದಲ್ಲಿ ಗುಂಜಿಯಷ್ಟೂ ಬಂಗಾರವಿಲ್ಲ. ಆದರೂ ಬಂಗಾರದ ಶೋಭೆಯಿದೆ.

ಅಗ್ಗದ ಮರದ ಮೇಲೆ ಅಮೂಲ್ಯವಾದುದರ ರೂಪವನ್ನು ತರುವ ವಿದ್ಯೆಯು ಹೀಗೆ ಗಜೇಂದ್ರಗಡದ ನೆರೆಯಲ್ಲಿಯೇ ಮನೆಮಾಡಿಕೊಂಡಿರಲು, ಅನುಕರಣವು ಪರದೇಶದ್ದೆಂದು ಹೇಳುವುದು ಹೇಗೆ? ಯಂತ್ರದ ರೇಖೆಗೂ ಲಾಜವಾರಕ್ಕೂ ಭೇದವಿದ್ದರೆ ಅದನ್ನು ಬೇರೆ ಕಡೆ ಹುಡುಕಬೇಕು.

ಪಾಶ್ಚಾತ್ಯರಲ್ಲಿ ಈ ವಿದ್ಯೆಯ ಬೆಳವಣಿಗೆಯನ್ನು ಈಗ ಸಂಕ್ಷೇಪವಾಗಿ ನೋಡಬಹುದು. ತಿಳಿಬಣ್ಣದ ತಳವನ್ನು ಹಚ್ಚಿ, ಅದು ಒಣಗಿದ ಮೇಲೆ ಗಾಢಬಣ್ಣದ ತೆಳುಲೇಪವನ್ನು ಕೊಟ್ಟು, ಹಸಿಯಿರುವಾಗಲೇ ಬಾಚಣಿಗೆ ಕುಂಚಗಳಿಂದ ಎಳೆಗಳನ್ನು ಎಳೆಯುವುದು ಅಲ್ಲಿಯ ಕೈಗೆಲಸದ ಕ್ರಮ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಥಾಮಸ್ ಕರ್ಷಾ ಎಂಬವನು ಇದರಲ್ಲಿ ಅದ್ವಿತೀಯನೆನಿಸಿ 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಪದಕ ಪಡೆದನು. ಅವನ ಫಲಕಗಳು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ. ಕೈಗೆಲಸದ ತರುವಾಯ ಯಂತ್ರ ಬಂದಿತು. ಎಳೆಯು ಸ್ಫುಟವಾಗಿರುವ ಓಕ್ ಮರದ ಹಲಗೆಯನ್ನೇ ಅಚ್ಚಾಗಿಟ್ಟು, ಅದರ ರಂಧ್ರಗಳಿಗೆ ಬಣ್ಣ ತುಂಬಿ, ಮೃದುವಾದ ಸರೇಸಿನ ಉರುಳೆಯನ್ನು ಅದರ ಮೇಲೆ ಹೊರಳಿಸಿದರೆ ಎಳೆಗಳ ಪಡಿಯಚ್ಚು ಉರುಳೆಗೆ ಅಂಟುವುದು. ಅದೇ ಉರುಳೆಯನ್ನು ಅಗ್ಗದ ಹಲಗೆಯ ಮೇಲೆ ಹೊರಳಿಸಿದರೆ ಅದು ಓಕ್ ಆಗುವುದು. ಸರೇಸೆಂಬುದು ಪ್ರಾಣಿಗಳ ಚರ್ಮವನ್ನು ಕುದಿಸಿ ಮಾಡಿದ ಅಂಟು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದ ಚಿತ್ರಪ್ರಕರಣದಲ್ಲಿ ಹಸಿಯ ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ಬೇಯಿಸಿ ಮಾಡುವ ವಜ್ರಲೇಪವನ್ನು ಹೇಳಿರುವುದನ್ನು ವಾಚಕರು ಇಲ್ಲಿ ನೆನೆಯಬಹುದು. ದ್ರವ್ಯವೊಂದೇ, ವಿನಿಯೋಗ ಬೇರೆ.

ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಲ್ಲಿ ಅಮೇರಿಕೆಯ ಪೀಠೋಪಕರಣ ಕಾರ್ಖಾನೆಗಳು ಈ ಉರುಳೆಗಳಿಂದ ಅಗ್ಗದ ಮರಕ್ಕೆ ಓಕ್ ಎಳೆಯನ್ನು ವಿಪುಲವಾಗಿ ಒತ್ತಿದವು. ತರುವಾಯ ಮರವನ್ನೇ ಬಿಟ್ಟು ಕಾಗದದ ಮೇಲೆ ಎಳೆಯನ್ನು ಮುದ್ರಿಸುವ ಕ್ರಮ ಹುಟ್ಟಿತು. 1913ರಲ್ಲಿ ಸ್ಥಾಪಿತವಾದ ಫಾರ್ಮೈಕಾ ಸಂಸ್ಥೆಯು 1927ರಲ್ಲಿ ಇದಕ್ಕೆ ಸಂಬಂಧಪಟ್ಟ ಸ್ವಾಮ್ಯಪತ್ರವನ್ನು ಪಡೆಯಿತು. ರಾಳದಲ್ಲಿ ನೆನೆದ ಒರಟು ಕಾಗದದ ಪದರುಗಳ ಮೇಲೆ ಎಳೆ ಮುದ್ರಿಸಿದ ಒಂದು ಹಾಳೆಯನ್ನಿಟ್ಟು, ಹೆಚ್ಚಿನ ಉಷ್ಣದಲ್ಲಿ ಅದುಮಿದರೆ ಗಟ್ಟಿಯಾದ ತಗಡಾಗುವುದು. ನಮ್ಮಲ್ಲಿ ಸನ್‌ಮೈಕಾ ಎಂಬ ಒಂದು ವ್ಯಾಪಾರನಾಮವೇ ಈ ಜಾತಿಗೆಲ್ಲ ರೂಢನಾಮವಾಗಿ ಬಡಿಗರ ಬಾಯಲ್ಲಿ ನಿಂತಿದೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ಸುಮಾರು ಒಂದು ಮಿಲಿಮೀಟರ್ ದಪ್ಪ: ಸಾಗವಾನಿಯೆಂಬುದು ಈಗ ಇಷ್ಟು.

ಈ ಯಂತ್ರಕ್ಕೆ ಇಲ್ಲಿ ಇಷ್ಟು ಸುಲಭವಾಗಿ ದಾರಿಯಾದುದಕ್ಕೆ ಕಾರಣವು ಅಭಿರುಚಿಯ ಪತನವೆಂದು ಹೇಳುವುದು ಅನ್ಯಾಯ. ಮರದ ಒಡೆತನದ ಇತಿಹಾಸವನ್ನು ನೋಡಬೇಕು. ಹಡಗು ಕಟ್ಟಲು ಸಾಗವಾನಿ ಬೇಕೆಂದು ಈಸ್ಟ್ ಇಂಡಿಯಾ ಕಂಪನಿಯವರು 1806ರಲ್ಲಿ ಕ್ಯಾಪ್ಟನ್ ವಾಟ್ಸನ್ನನನ್ನು ಅರಣ್ಯಾಧಿಕಾರಿಯಾಗಿ ನೇಮಿಸಿ, ಮಲಬಾರ, ಕನ್ನಡ ಜಿಲ್ಲೆಗಳ ಸಾಗವಾನಿಯನ್ನು ಸರಕಾರದ ಸ್ವತ್ತಾಗಿಸಿದರು. ಪ್ರಜೆಗಳ ಅಸಮಾಧಾನವನ್ನು ಕಂಡು ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1823ರಲ್ಲಿ ಆ ಅಧಿಕಾರವನ್ನು ಎತ್ತಿಹಾಕಿದನು. ಆದರೆ 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಇಲಾಖೆಗೆ ಸೇರಿ, 1878ರ ಅರಣ್ಯ ಕಾಯಿದೆ ಬಂದ ಮೇಲೆ ಬಂಧನವು ಮತ್ತೆ ಬಿಗಿಯಾಯಿತು. 1880ರ ದಶಕದಲ್ಲಿ ಗದಗಕ್ಕೆ ರೈಲು ಬಂದುದರಿಂದ ದೂರದ ಮರವು ತರಲು ಸುಲಭವಾಯಿತು ನಿಜ. ಆದರೆ ರೈಲಿನ ಹಳಿಗೂ ಮರವೇ ಬೇಕಷ್ಟೆ. 1942ರಲ್ಲಿ ಬ್ರಹ್ಮದೇಶವು ಜಪಾನೀಯರ ಕೈಸೇರಲು ಅಲ್ಲಿಯ ಸಾಗವಾನಿಯ ಆಮದು ಕಡಿದುಹೋಯಿತು. ಕಡೆಗೆ 1996ರ ಡಿಸೆಂಬರಿನಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಗೋದಾವರ್ಮನ್ ವ್ಯಾಜ್ಯದಲ್ಲಿ ಕೊಟ್ಟ ಆಜ್ಞೆಯು ಕಾಡು ಕಡಿಯುವುದಕ್ಕೆ ಕಟ್ಟುನಿಟ್ಟಾದ ತಡೆ ಹಾಕಿತು. ಕಾಡು ಉಳಿಯಬೇಕಾದುದು ಅವಶ್ಯವೇ. ಇಷ್ಟೆಲ್ಲದರ ಮೇಲೆ ಎರೆಸೀಮೆಯ ಗೃಹಸ್ಥನು ಮುದ್ರಿತವಾದ ಸಾಗವಾನಿಗೆ ಕೈಹಾಕಿದರೆ ಅವನನ್ನು ಹಳಿಯುವುದು ಪಾಂಡಿತ್ಯವಲ್ಲ.

ಹಾಗಾದರೆ ಭೇದವೆಲ್ಲಿ? 1849ರಲ್ಲಿ ರಸ್ಕಿನ್ ಎಂಬ ಆಂಗ್ಲ ವಿಮರ್ಶಕನು ವಾಸ್ತುಶಿಲ್ಪದ ಏಳು ದೀಪಗಳನ್ನು ಕುರಿತ ತನ್ನ ಗ್ರಂಥದಲ್ಲಿ ಮರಕ್ಕೆ ಚಂದ್ರಕಾಂತ ಶಿಲೆಯ ಬಣ್ಣ ಬಳಿಯುವಂಥ ಕೆಲಸವನ್ನು ಅಸತ್ಯವೆಂದು ಖಂಡಿಸಿದನು. ಆದರೆ ಕಟ್ಟಡದ ಮೇಲಿನ ಚಿನ್ನದ ಮುಲಾಮನ್ನು ಅವನು ಅಸತ್ಯವೆನ್ನಲಿಲ್ಲ; ಅದು ಗಟ್ಟಿ ಚಿನ್ನವೆಂದು ಯಾರೂ ತಿಳಿಯುವುದಿಲ್ಲವಾದ ಕಾರಣ. ಒಡವೆಗೆ ಕೊಟ್ಟ ಮುಲಾಮು ಮಾತ್ರ ಅಸತ್ಯ. ಅಲ್ಲಿ ಜನರು ಹಾಗೆ ತಿಳಿಯುವರಾದ ಕಾರಣ. ಈ ವಿವೇಚನೆ ಸೂಕ್ಷ್ಮವಾದುದು. ಆದರೆ ಇದನ್ನು ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಬಹುದು. ಭೇದವು ತಿಳಿದಿದ್ದೂ ಬೇಕೆಂದೇ ಅಭೇದವನ್ನು ಆರೋಪಿಸುವುದು ರೂಪಕ, ಇದನ್ನು ಆಹಾರ್ಯವೆನ್ನುವರು. ಭೇದವನ್ನರಿಯದೆ ಒಂದನ್ನು ಮತ್ತೊಂದೆಂದು ನಿಶ್ಚಯಿಸುವುದು ಭ್ರಾಂತಿ. ಅದರಲ್ಲಿಯೂ ಶುಕ್ತಿಯನ್ನು ರಜತವೆಂದು ಎತ್ತಿಕೊಳ್ಳುವ ಲೌಕಿಕ ಭ್ರಮೆಗೆ ಅಲಂಕಾರದ ಪದವಿಯೇ ಇಲ್ಲ. ಕಿನ್ನಾಳದ ಗರುಡನ ಮುಂದೆ ಕೈಮುಗಿಯುವವನಿಗೆ ಒಳಗಿರುವುದು ಮರವೆಂದು ಗೊತ್ತು, ಮೇಲಿನದು ಬಂಗಾರವಲ್ಲವೆಂದೂ ಗೊತ್ತು. ಅಲ್ಲಿ ನಡೆದಿರುವುದು ರೂಪಕ. ಸಾಗವಾನಿಯ ಬೆಲೆಯನ್ನು ಕೊಟ್ಟು ಮುದ್ರಿತವಾದ ಬಾಗಿಲನ್ನು ಮನೆಗೆ ತಂದವನದು ಶುಕ್ತಿರಜತ.

ಇಷ್ಟಕ್ಕೆ ನಿಂತರೆ ಯಂತ್ರಕ್ಕೆ ಅನ್ಯಾಯವಾದೀತು. ಸನ್‌ಮೈಕಾ ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಅದು ಕಾಗದವೆಂದು ಗೊತ್ತೇ ಇದೆ. ಗೊತ್ತಿದ್ದು ಕೊಳ್ಳುವಲ್ಲಿ ಅದೂ ರೂಪಕವೇ. ದೋಷವು ಯಂತ್ರದಲ್ಲಿಲ್ಲ, ರೇಖೆಯಲ್ಲಿಲ್ಲ. ನೋಡುವವನ ಜ್ಞಾನಾಜ್ಞಾನಗಳಲ್ಲಿಯೂ, ಮಾರುವವನ ನಾಲಗೆಯಲ್ಲಿಯೂ ಇದೆ.

ಕಳೆದುಹೋಗುತ್ತಿರುವುದು ಮತ್ತೊಂದು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮಂಚ ಆಸನಗಳ ಲಕ್ಷಣವನ್ನು ಹೇಳುವಾಗ ಅಸನ, ಸ್ಪಂದನ, ಚಂದನ, ದೇವದಾರು, ತಿಂದುಕಿ, ಶಾಲ, ಶಿಂಶಪಾ ಇವುಗಳೊಡನೆ ಶಾಕವನ್ನೂ, ಎಂದರೆ ನಮ್ಮ ಸಾಗವಾನಿಯನ್ನೂ, ಶುಭವೃಕ್ಷಗಳಲ್ಲಿ ಎಣಿಸಿರುವನು. ಕೊಯ್ದಾಗ ಕಾಣುವ ಗಂಟುಗಳನ್ನೂ ಬಿಲಗಳನ್ನೂ ಆಕಾರಭೇದದಿಂದ ವಿಂಗಡಿಸಿ ಒಂದೊಂದಕ್ಕೂ ಹೆಸರು ಹೇಳಿ ಫಲವನ್ನು ಹೇಳಿರುವನು. ಫಲದ ಮಾತು ಹಾಗಿರಲಿ. ಮರದ ಮೈಯ ಗುರುತು ಆ ಮರದ ಚರಿತ್ರೆಯೆಂಬ ತಿಳಿವಳಿಕೆ ಅಲ್ಲಿದೆ. ಊರಿನ ಬಡಿಗನೂ ಇದನ್ನು ಬಲ್ಲ. ಚೇಗು ಎಲ್ಲಿಯವರೆಗೆ ಬಂದಿದೆ, ಎಳೆ ಯಾವ ಕಡೆಗೆ ಓಡಿದೆ, ಗಂಟಿನಲ್ಲಿ ಬಾಚಿ ಎಲ್ಲಿ ಎಡವುವುದು ಎಂಬುದನ್ನು ಅವನು ಹಲಗೆಯ ಮುಖದಲ್ಲಿಯೇ ಓದುವನು. ಮುದ್ರಿತ ರೇಖೆಯಲ್ಲಿ ಓದಲು ಏನೂ ಇಲ್ಲ. ಅಲ್ಲಿ ಗಂಟಿದ್ದೆಡೆಯಲ್ಲಿ ಗಂಟಿಲ್ಲ.

ಹಳೆಯ ಮನೆಗಳ ಕಾಲವನ್ನು ಮರಗೆಲಸದಿಂದ ಗೊತ್ತುಪಡಿಸಬಯಸುವ ಸಂಶೋಧಕರಿಗೆ ಇದರಿಂದ ಪ್ರಮಾದವಾಗದಿರಲು ಪರೀಕ್ಷೆ ಸುಲಭ. ನಿಜವಾದ ಹಲಗೆಯಲ್ಲಿ ಮುಖದ ಎಳೆಯು ಅಂಚನ್ನು ತಿರುಗಿ ಪಕ್ಕಕ್ಕೂ ಹಾಯುವುದು, ಅಡ್ಡಕೊಯ್ತದಲ್ಲಿ ಉಂಗುರಗಳು ಕಾಣುವುವು. ಮುದ್ರಿತವಾದುದರಲ್ಲಿ ಎಳೆಯು ಅಂಚಿನಲ್ಲಿ ಥಟ್ಟನೆ ನಿಂತುಹೋಗುವುದು. ಉರುಳೆಯು ಒಂದು ಸುತ್ತು ಮುಗಿಸಿದೊಡನೆ ಮೊದಲಿನ ಗಂಟನ್ನೇ ಮತ್ತೆ ಒತ್ತುವುದರಿಂದ ಗೊತ್ತಾದ ಅಂತರದಲ್ಲಿ ಅದೇ ಗಂಟು ಪುನಃ ಪುನಃ ಕಾಣಿಸುವುದು. ಯಾವ ಕಾಡಿನಲ್ಲಿಯೂ ಎರಡು ಮರಗಳಿಗೆ ಒಂದೇ ಗಂಟು ಹುಟ್ಟಿಲ್ಲ.

ರೂಪಕಕ್ಕೆ ಉಪಮಾನದ ಪರಿಚಯ ಬೇಕು. ಸಾಗವಾನಿಯ ತಲೆಬಾಗಿಲನ್ನು ಮುಟ್ಟಿ ನೋಡಿದವನಿಗೆ ಮುದ್ರಿತ ರೇಖೆಯು ಅದನ್ನು ನೆನಪಿಸುವುದು. ಮುದ್ರಿತವಾದುದನ್ನೇ ಹುಟ್ಟಿದಾರಭ್ಯ ಕಂಡ ಎರೆಸೀಮೆಯ ಹುಡುಗನಿಗೆ ಆ ಗೆರೆಗಳು ಯಾವುದನ್ನೂ ನೆನಪಿಸವು. ಅವು ಬಾಗಿಲಿನ ಬಣ್ಣ ಮಾತ್ರ. ಅವನ ಮಟ್ಟಿಗೆ ಅನುಕರಣವು ಅನುಕರಣವಾಗಿ ಉಳಿದೇ ಇಲ್ಲ. ಐಹೊಳೆಯಲ್ಲಿಯೂ ಒಂದು ಕಾಲಕ್ಕೆ ಹೀಗೆಯೇ ಆಗಿರಬೇಕು. ಆ ಕಲ್ಲಿನ ರೀಪುಗಳಿಗೆ ಮಾತೃಕೆಯಾದ ಮರದ ಗುಡಿಗಳಲ್ಲಿ ಒಂದೂ ಇಂದು ಉಳಿದಿಲ್ಲ. ಅವು ಹೇಗಿದ್ದುವೆಂಬುದಕ್ಕೆ ಈಗ ಆಧಾರವಾಗಿರುವುದು ಛಾವಣಿಯ ಮೇಲಿನ ಆ ಕಲ್ಲಿನ ಪಟ್ಟಿಗಳೇ.